ಟೀವಿಯೊಳಗಿನ ದುರ್ಗ, ಬೆಟ್ಟದ ಮೇಲಿನ ದುರ್ಗ

ಚಿತ್ರದುರ್ಗಕ್ಕೆ ಒಮ್ಮೆಯೂ ಹೋಗದವರು ಕೂಡ ದುರ್ಗವನ್ನು ನೋಡಿರುತ್ತಾರೆ. ಹೇಗೆ ಅಂತೀರಾ? "ನಾಗರಹಾವು" ನೋಡದ ಮನೆ ನಮ್ಮ ಕಡೆ ಯಾವುದಿದೆ ಹೇಳಿ! ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು ತೆಗೆದ ಈ ಚಿತ್ರ 1972ರ ಡಿಸೆಂಬರ್ ಕೊನೆಯಲ್ಲಿ ತೆರೆ ಕಂಡಿತು. ವಿಷ್ಣುವರ್ಧನ್ ನಾಯಕರಾದದ್ದು ಇದರಲ್ಲೇ. ಅಂಬರೀಷ್ ಜಲೀಲನಾಗಿ ಮೊದಲ ಸಲ ಬಣ್ಣ ಹಚ್ಚಿದ್ದೂ ಇದರಲ್ಲೇ. ರಾಮಾಚಾರಿ, ಅಲಮೇಲು, ಚಾಮಯ್ಯ ಮೇಷ್ಟ್ರು, ಅವರ ಹೆಂಡತಿ ತುಂಗಮ್ಮ, ಮಾರ್ಗರೆಟ್, ಇವರೆಲ್ಲ ನಮಗೆ ನೆಂಟರಿದ್ದಂತೆ. ಇವರಷ್ಟೇ ಮುಖ್ಯವಾದದ್ದು ಅವರ ಬೆನ್ನ ಹಿಂದೆ ನಿಂತಿರುವ ಕೋಟೆ, ಆ ಬಂಡೆಗಳು.

ನಮ್ಮ ಮನೆಯಲ್ಲಿ ಈ ಚಿತ್ರದ ಮೂರು ಪ್ರತಿಗಳಿವೆ. ಒಂದು ವಿಡಿಯೋ ಕ್ಯಾಸೆಟ್ಟು, ಒಂದು ವಿಸಿಡಿ, ಒಂದು ಡಿವಿಡಿ. ಒಂದೇ ಚಿತ್ರಕ್ಕೆ ಮೂರು ಪ್ರತಿ ಯಾಕೆ ಎಂದು ನಮ್ಮ ಯಜಮಾನರನ್ನು ಎಲ್ಲರೂ ಕೇಳುತ್ತಾರೆ. ಕಾರಣ ನಮ್ಮ ಅತ್ತೆಯವರು. ಅವರ ತವರು ದುರ್ಗ. ಕೋಟೆಯ ಬುಡದಲ್ಲೇ ಹುಟ್ಟಿ ಬೆಳೆದವರು. ಮದುವೆಯಾಗಿ ಕಡೂರಿಗೆ ಬಂದು ಐವತ್ತು ವರ್ಷವಾಗುತ್ತಾ ಬಂದರೂ ಯಾರಾದರೂ "ನಿಮ್ಮೂರು ಯಾವುದು?" ಎಂದರೆ ಬಾಯಿಗೆ ಮೊದಲು ಬರುವುದು ದುರ್ಗವೇ. ಈಗ ಮಂಡಿ ಸವೆದಿದೆ. ಮೆಟ್ಟಿಲು ಹತ್ತಲೇಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ದೇವರ ಮನೆಯ ಹೊಸ್ತಿಲು ದಾಟುವುದಕ್ಕೇ ಗೋಡೆ ಹಿಡಿಯುವವರು ಏಳು ಸುತ್ತಿನ ಕೋಟೆ ಹತ್ತುವುದುಂಟೇ? ಹಾಗಾಗಿ ಅವರ ಪಾಲಿಗೆ ಕೋಟೆ ಎಂದರೆ ಟೀವಿಯಲ್ಲಿ ಬರುವ ಕೋಟೆ ಅಷ್ಟೇ.

ಎರಡು ವರ್ಷದ ಕೆಳಗೆ ಅವರಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿ, ಹನಿ ಹಾಕುವ ದಿನಗಳೆಲ್ಲ ಮುಗಿದ ಮೇಲೆ ಅವರು ಮೊದಲು ಕೇಳಿದ್ದೇ "ನಾಗರಹಾವು ಹಾಕ್ರಿ" ಎಂದು. ಕೈಗೆ ಸಿಕ್ಕಿದ್ದು ವಿಸಿಡಿ. ಹಾಕಿದೆವು. ಅರ್ಧ ಗಂಟೆ ನೋಡಿ ಸುಮ್ಮನೆ ಎದ್ದು ಹೋದರು. ರಾತ್ರಿ ಊಟಕ್ಕೆ ಕೂತಾಗ ನಿಧಾನವಾಗಿ ಹೇಳಿದರು: "ಆಪರೇಷನ್ ಸರಿ ಆಗಿಲ್ಲ ಕಣವ್ವ. ಬಂಡೆಯೆಲ್ಲ ಬೂದಿ ಬೂದಿ ಕಾಣ್ತದೆ. ನಮ್ಮ ದುರ್ಗದ ಬಂಡೆ ಹಿಂಗಿಲ್ಲ. ಬೆಳಗಿನ ಬಿಸಿಲಿಗೆ ಹಳೇ ಬೆಲ್ಲದ ಅಚ್ಚಿನಂಗೆ ಇರ್ತದೆ."

ನಮಗೆ ಎದೆ ಧಸಕ್ಕೆಂದಿತು. ಮತ್ತೆ ಕಣ್ಣಿನ ಡಾಕ್ಟರ ಹತ್ತಿರ ಓಡಿದೆವು. ಅವರು ದೀಪ ಹಾಕಿ, ಅಕ್ಷರ ಓದಿಸಿ, ಕಣ್ಣು ಚೆನ್ನಾಗಿದೆ ಎಂದರು. ಅತ್ತೆ ಮಾತ್ರ ನಂಬಲಿಲ್ಲ. ಅಕ್ಷರ ಕಪ್ಪು, ಹಲಗೆ ಬಿಳಿ, ಅದರಲ್ಲಿ ಬಣ್ಣ ಎಲ್ಲಿಂದ ತಿಳಿಯಬೇಕು ಎನ್ನುವುದು ಅವರ ವಾದ. ಟೀವಿ ನೋಡುವುದನ್ನೇ ಬಿಟ್ಟರು. ಹೂ ಕಟ್ಟುವಾಗ ಕನಕಾಂಬರವನ್ನು ಎತ್ತಿ ಹಿಡಿದು ಹಿಡಿದು ನೋಡುತ್ತಿದ್ದರು. ಅದನ್ನು ಕಂಡಾಗ ನನಗೆ ಸಂಕಟವಾಗುತ್ತಿತ್ತು.

ಆಗ ನಾನು ಒಂದು ತೀರ್ಮಾನಕ್ಕೆ ಬಂದೆ. ತಪ್ಪು ಕಣ್ಣಿನದೋ ಡಿಸ್ಕಿನದೋ, ಎರಡರಲ್ಲಿ ಒಂದು ಗೊತ್ತಾಗಬೇಕು. ಮೂರೂ ಪ್ರತಿಗಳನ್ನು ಕೂತು ನೋಡುವುದು, ಆಮೇಲೆ ದುರ್ಗಕ್ಕೇ ಹೋಗಿ ಬಂಡೆಯನ್ನೇ ನೋಡಿಬಿಡುವುದು!

ಮೊದಲು ಕ್ಯಾಸೆಟ್ಟು. ನನ್ನ ವಯಸ್ಸಿನವರಿಗೆ ಆ ದಿನಗಳು ನೆನಪಿರಬೇಕು. ಗಣಪತಿ ಹಬ್ಬಕ್ಕೋ ಮದುವೆ ಮನೆಗೋ ಬಣ್ಣದ ಟೀವಿ, ವಿಸಿಪಿ, ಜೊತೆಗೆ ಮೂರು ಕ್ಯಾಸೆಟ್ಟು, ಎಲ್ಲ ಒಂದು ರಾತ್ರಿಗೆ ಬಾಡಿಗೆಗೆ ಬರುತ್ತಿದ್ದವು. ಬೀದಿಯವರೆಲ್ಲ ಚಾಪೆ ತಂದು ಕೂರುತ್ತಿದ್ದೆವು. ಮೂರನೆಯ ಚಿತ್ರ ಮುಗಿಯುವಾಗ ಹಾಲಿನವನು ಬರುತ್ತಿದ್ದ. ನಮ್ಮ ಕ್ಯಾಸೆಟ್ಟು ಆ ಕಾಲದ್ದು. ಈಗ ಅದನ್ನು ಹಾಕಲು ಯಂತ್ರವೇ ಇಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈ ಬಿಟ್ಟಿತು. ನಮ್ಮೂರಿನ ಸ್ಟುಡಿಯೋ ಒಂದರಲ್ಲಿ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಿಕೊಡುತ್ತಾರೆ. ಅವರ ಯಂತ್ರದಲ್ಲಿ ಹಾಕಿಸಿ ನೋಡಿದೆ. ಟೇಪಿಗೆ ಬೂಷ್ಟು ಹಿಡಿದಿತ್ತು. ಚಿತ್ರದ ಮೇಲೆ ಹಿಟ್ಟು ಜರಡಿ ಹಿಡಿದಂತೆ ಬಿಳಿ ಚುಕ್ಕೆ. ಕೆಳಗಡೆ ಸೀರೆ ಅಂಗಡಿ, ಬಂಗಾರದ ಅಂಗಡಿಗಳ ಜಾಹೀರಾತು ಸಾಲಾಗಿ ಓಡುತ್ತಲೇ ಇರುತ್ತದೆ. ಹೀಗಿದ್ದರೂ ಒಂದು ಮಾತು ಹೇಳಬೇಕು. ಕಥೆ ಪೂರ್ತಿ ಇದೆ, ಎಲ್ಲಿಯೂ ಕತ್ತರಿ ಬಿದ್ದಿಲ್ಲ. ಬಣ್ಣ ಮಾತ್ರ ಕೆಂಪಿಗೆ ತಿರುಗಿ ರಾಮಾಚಾರಿಗೆ ಸದಾ ಜ್ವರ ಬಂದಂತೆ ಕಾಣುತ್ತದೆ!

ಇನ್ನು ವಿಸಿಡಿ. ನಮ್ಮ ಮನೆಯ ಗಲಾಟೆಗೆಲ್ಲ ಮೂಲ ಇದು. ಒಂದು ಡಬ್ಬಿ, ಒಳಗೆ ಎರಡು ಡಿಸ್ಕು. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ವಿಸಿಡಿಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ. ಎರಡು ಡಿಸ್ಕು ಸೇರಿದರೆ ಹೆಚ್ಚೆಂದರೆ 160 ನಿಮಿಷ. ಚಿತ್ರ ಇರುವುದು ಸುಮಾರು ಮೂರು ಗಂಟೆ, ಅಂದರೆ 180 ನಿಮಿಷ. ಮಿಕ್ಕ 20 ನಿಮಿಷ ಎಲ್ಲಿ ಹೋಯಿತು? ಒಂದು ಸೇರು ಅಕ್ಕಿ ಹಿಡಿಯುವ ಪಾತ್ರೆಗೆ ಒಂದೂಕಾಲು ಸೇರು ಸುರಿದರೆ ಮಿಕ್ಕದ್ದು ನೆಲದ ಮೇಲೇ ತಾನೆ! ನಾನು ಅಡುಗೆಮನೆ ಗಡಿಯಾರ ಮುಂದಿಟ್ಟುಕೊಂಡು ಎಣಿಸಿದೆ. ನಮ್ಮ ಪ್ರತಿ ಎರಡು ಗಂಟೆ 36 ನಿಮಿಷಕ್ಕೆ ಮುಗಿದುಹೋಯಿತು. ಮೊದಲ ಡಿಸ್ಕು ಒಂದು ಹಾಡಿನ ನಡುವೆ ತಟ್ಟನೆ ನಿಲ್ಲುತ್ತದೆ, ಎದ್ದು ಡಿಸ್ಕು ಬದಲಾಯಿಸಿ ಬರುವ ಹೊತ್ತಿಗೆ ಆ ಹಾಡಿನ ರುಚಿಯೇ ಹೋಗಿರುತ್ತದೆ. ಇನ್ನು ಕತ್ತರಿ ಹಾಕುವವರಿಗೆ ಕಥೆ ಬಿಡುವ ಧೈರ್ಯ ಇರುವುದಿಲ್ಲವಲ್ಲ, ಹಾಗಾಗಿ ಮಾತಿಲ್ಲದ ಜಾಗ ನೋಡಿ ಕತ್ತರಿಸಿದ್ದಾರೆ. ಮಾತಿಲ್ಲದ ಜಾಗ ಯಾವುದು? ಬೆಟ್ಟ, ಬಂಡೆ, ಮೋಡ. ಅತ್ತೆಯವರು ನೋಡಬೇಕೆಂದು ಕಾದು ಕೂರುವುದೇ ಅದನ್ನು.

ಬಣ್ಣದ ಮಾತಿಗೆ ಬರೋಣ. ರಂಗೋಲಿ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ವಿಸಿಡಿಯ ಚಿತ್ರದಲ್ಲಿ ಅಡ್ಡಕ್ಕೆ 352 ಚುಕ್ಕಿ, ಉದ್ದಕ್ಕೆ 288 ಚುಕ್ಕಿ. ಡಿವಿಡಿಯಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576. ಅಂದರೆ ಒಟ್ಟು ನಾಲ್ಕು ಪಟ್ಟು ಚುಕ್ಕಿ. ಹದಿನೈದು ಚುಕ್ಕಿಯ ನವಿಲನ್ನು ಏಳು ಚುಕ್ಕಿಯಲ್ಲಿ ಬಿಡಿಸಿ ಎಂದರೆ ಗರಿ ಎಲ್ಲಿ ಬರಬೇಕು? ಮುಖ ಹೇಗೋ ಗುರುತಾಗುತ್ತದೆ, ಬಂಡೆಯ ಬಿರುಕು, ಮೆಟ್ಟಿಲ ಗೆರೆ, ಹುಲ್ಲಿನ ಎಸಳು ಎಲ್ಲ ಕಲಸಿಹೋಗುತ್ತವೆ. ಇದರ ಮೇಲೆ ನಮ್ಮ ವಿಸಿಡಿ ಮಾಡಿದವರು ಯಾವುದೋ ಹಳೆಯ ಟೇಪಿನಿಂದ ಇಳಿಸಿದ್ದರೆಂದು ಕಾಣುತ್ತದೆ. ಎಷ್ಟೋ ಸಲ ಒಗೆದ ಚೀಟಿ ಬಟ್ಟೆಯ ಹಾಗೆ ಎಲ್ಲ ಬಣ್ಣವೂ ಬಿಟ್ಟುಹೋಗಿದೆ.

ಡಿವಿಡಿ ತಂದವರು ನಮ್ಮ ಯಜಮಾನರು, ಬೆಂಗಳೂರಿನ ಮೆಜೆಸ್ಟಿಕ್ ಬಳಿಯ ಒಂದು ಅಂಗಡಿಯಿಂದ. ಡಿಸ್ಕುಗಳಿಗೂ ಒಂದು ಸುಗ್ಗಿಯ ಕಾಲ ಇತ್ತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆ ಇಳಿಸಿದಾಗ ದಿನಸಿ ಅಂಗಡಿಯಲ್ಲೂ ಸೋಪಿನ ಪಕ್ಕದಲ್ಲಿ ಡಿಸ್ಕು ಇಟ್ಟುಕೊಂಡು ಮಾರುತ್ತಿದ್ದರು. ಆ ಕಂಪನಿಯೂ 2018ರಲ್ಲಿ ಮುಚ್ಚುವ ಹಾದಿ ಹಿಡಿಯಿತು. ನಮ್ಮೂರಿನ ಕ್ಯಾಸೆಟ್ ಅಂಗಡಿಯಲ್ಲಿ ಈಗ ಮೊಬೈಲಿಗೆ ಕರೆನ್ಸಿ ಹಾಕುತ್ತಾರೆ. ಯಜಮಾನರು ಹೋದಾಗ ಆ ಮೆಜೆಸ್ಟಿಕ್ಕಿನ ಅಂಗಡಿಯಲ್ಲೂ ಡಿಸ್ಕುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಮೂಲೆಗೆ ಸರಿಸಿದ್ದರಂತೆ. ಪೆಟ್ಟಿಗೆಯ ತಳದಿಂದ ಹೆಕ್ಕಿ ತಂದದ್ದು ಇದು.

ಈ ಡಿವಿಡಿಯಲ್ಲಿ ಎಲ್ಲ ಸರಿಯಿದೆ ಎಂದಲ್ಲ. ಒಂದು ಮೂಲೆಯಲ್ಲಿ ಕಂಪನಿಯ ಗುರುತು ಚಿತ್ರ ಮುಗಿಯುವವರೆಗೂ ಅಂಟಿಕೊಂಡಿರುತ್ತದೆ, ಹಣೆಯ ಮೇಲೆ ಕೂತ ನೊಣದ ಹಾಗೆ. ಹಾಡುಗಳಲ್ಲಿ ವಿಜಯಭಾಸ್ಕರ್ ಅವರ ವಾದ್ಯಗಳ ಹಿಂದೆ ಎಣ್ಣೆ ಕಾಯುವ ಸದ್ದಿನಂತೆ ಒಂದು "ಸುಯ್" ಇದೆ. ಆದರೆ ಚಿತ್ರ ಪೂರ್ತಿ ಇದೆ, ಗಡಿಯಾರ ನೋಡಿದ್ದೇನೆ. ರಾಮಾಚಾರಿ, ಅಲಮೇಲು ನಿಧಾನಗತಿಯಲ್ಲಿ ಓಡಿ ಬರುವ ಆ ಹೆಸರಾಂತ ಹಾಡಿನಲ್ಲಿ ಅಲಮೇಲುವಿನ ಸೆರಗಿನ ಜೊತೆಗೆ ಹಿಂದಿನ ಬೆಟ್ಟವೂ ಕಾಣುತ್ತದೆ. ಬಂಡೆ ಕಂದು ಬಣ್ಣ, ಬಿಸಿಲು ಬಿದ್ದ ಕಡೆ ಸ್ವಲ್ಪ ಕೆಂಪು. "ಇದು ನಿಜವಾದ ಬಣ್ಣವೋ, ಕಂಪನಿಯವರು ಹಚ್ಚಿದ ಬಣ್ಣವೋ?" ಎಂದು ನನಗೇ ಅನುಮಾನ ಬಂತು. 2014ರಲ್ಲಿ "ಕಸ್ತೂರಿ ನಿವಾಸ"ಕ್ಕೆ ಬಣ್ಣ ತುಂಬಿ ಬಿಡುಗಡೆ ಮಾಡಿದ್ದನ್ನು ನೋಡಿದ ಮೇಲೆ ಇಂಥ ಅನುಮಾನ ಬರುವುದು ಸಹಜ ಅಲ್ಲವೇ! ಅದಕ್ಕೇ ದುರ್ಗಕ್ಕೆ ಹೋಗಲೇಬೇಕಾಯಿತು.

ಮಗಳ ಕಾಲೇಜಿಗೆ ರಜೆ ಬಂದ ವಾರ, ಚಳಿಗಾಲದಲ್ಲಿ, ಹೊರಟೆವು. ಕಡೂರಿನಿಂದ ಹೊಸದುರ್ಗ, ಹೊಳಲ್ಕೆರೆ ದಾಟಿ ದುರ್ಗ. ಡಿವಿಡಿ ಪ್ಲೇಯರನ್ನು ಟವಲಿನಲ್ಲಿ ಸುತ್ತಿ ಬ್ಯಾಗಿಗೆ ಇಟ್ಟುಕೊಂಡೆ. ಅತ್ತೆಯವರ ತಮ್ಮ, ನಮ್ಮ ಯಜಮಾನರ ಸೋದರಮಾವ, ಈಗಲೂ ಕೋಟೆಗೆ ಹತ್ತಿರದ ಬೀದಿಯಲ್ಲೇ ಇದ್ದಾರೆ. ನಾವು ತಲುಪಿದಾಗ ಕತ್ತಲಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತು ಬೆಟ್ಟದ ಕಡೆ ನೋಡಿದರು, ಏನೂ ಕಾಣಲಿಲ್ಲ. ಆ ರಾತ್ರಿ ಅವರಿಗೆ ನಿದ್ದೆ ಬಂದಂತಿಲ್ಲ.

ಬೆಳಿಗ್ಗೆ ಆರೂಮುಕ್ಕಾಲಿಗೆ ನನ್ನನ್ನು ಎಬ್ಬಿಸಿದರು. "ತಾರಸಿಗೆ ಕರ್ಕಂಡು ಹೋಗು." ಹದಿನಾಲ್ಕು ಮೆಟ್ಟಿಲು. ಒಂದು ಕಡೆ ನಾನು, ಇನ್ನೊಂದು ಕಡೆ ಮಗಳು ಹಿಡಿದುಕೊಂಡು ಒಂದೊಂದೇ ಹತ್ತಿಸಿದೆವು. ಹೊತ್ತು ಮೇಲೆ ಬರುತ್ತಿತ್ತು. ಬೆಟ್ಟದ ಬುಡ ಇನ್ನೂ ನೆರಳಿನಲ್ಲಿ, ನೆತ್ತಿಯ ಬಂಡೆಗಳಿಗೆ ಮಾತ್ರ ಬಿಸಿಲು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಮತ್ತೆ ತೆಗೆದು ಬರಿಗಣ್ಣಿನಲ್ಲಿ ನೋಡಿದರು. ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ನಾನು ಉಸಿರು ಬಿಗಿ ಹಿಡಿದುಕೊಂಡು ನಿಂತಿದ್ದೆ.

"ಅದೇ ಬೆಲ್ಲ ಕಣೇ," ಎಂದರು. ಆಮೇಲೆ ಮೊಮ್ಮಗಳ ಕೆನ್ನೆ ಹಿಂಡಿ, "ನಿಮ್ಮಪ್ಪಂಗೆ ಹೇಳು, ಆ ಬೂದಿ ಡಿಸ್ಕು ತಿಪ್ಪೆಗೆ ಎಸೀಲಿ," ಎಂದರು. ನಮ್ಮ ಯಜಮಾನರಿಗೆ ಕೆಳಗಿನಿಂದಲೇ ಇದು ಕೇಳಿಸಿತಂತೆ.

ತಿಂಡಿ ಮುಗಿಸಿ ಎಂಟು ಗಂಟೆಗೆ ನಾವು ಮೂವರೂ ಕೋಟೆಗೆ ಹೊರಟೆವು. ಅತ್ತೆ ನನಗೆ ಒಂದು ಪಟ್ಟಿಯನ್ನೇ ಹೇಳಿ ಕಳಿಸಿದ್ದರು: ಏಕನಾಥಮ್ಮನಿಗೆ ಹಣ್ಣುಕಾಯಿ ಮಾಡಿಸು, ಉಯ್ಯಾಲೆ ಕಂಬ ಮುಟ್ಟಿ ಬಾ, ಅಕ್ಕ ತಂಗಿ ಹೊಂಡದಲ್ಲಿ ನೀರೆಷ್ಟಿದೆ ನೋಡು, ಓಬವ್ವನ ಕಿಂಡಿಯಲ್ಲಿ ತಲೆ ಜೋಪಾನ.

ಟಿಕೀಟು ತಲೆಗೆ 25 ರೂಪಾಯಿ ತೆಗೆದುಕೊಂಡರು. 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಹೋಗುವವರು ಬಿಸಿಲೇರುವ ಮೊದಲೇ ಹೋಗಿ. ನೀರು ಜೊತೆಗಿರಲಿ, ಹೆಂಗಸರು ಕೆಳಗೇ ಅನುಕೂಲ ಮುಗಿಸಿಕೊಂಡು ಹತ್ತುವುದು ವಾಸಿ. ಜಾರದ ಚಪ್ಪಲಿ ಹಾಕಿಕೊಳ್ಳಿ. ಬುತ್ತಿಗೆ ಚಪಾತಿಯ ಒಳಗೆ ಶೇಂಗಾ ಚಟ್ನಿಪುಡಿ ಸವರಿ ಸುರುಳಿ ಸುತ್ತಿಟ್ಟುಕೊಂಡರೆ ಕೈ ಕೊಳೆಯಾಗುವುದಿಲ್ಲ. ಆದರೆ ಚೀಲವನ್ನು ಮಾತ್ರ ಕೈಯಿಂದ ಬಿಡಬೇಡಿ. ಕೋತಿಗಳು ಟಿಕೀಟಿಲ್ಲದೆ ಒಳಗೆ ಬಂದಿರುತ್ತವೆ!

ಚಿತ್ರದಲ್ಲಿ ಕಾಣದ ಒಂದು ಸಂಗತಿ ಕೋಟೆಗೆ ಕಾಲಿಟ್ಟ ಕೂಡಲೇ ಗೊತ್ತಾಯಿತು. ದಾರಿ ನೇರವಾಗಿಲ್ಲ. ಒಂದು ಬಾಗಿಲು ದಾಟಿದರೆ ಎದುರಿಗೆ ಗೋಡೆ. ಪಕ್ಕಕ್ಕೆ ತಿರುಗಬೇಕು. ಮತ್ತೆ ಬಾಗಿಲು, ಮತ್ತೆ ತಿರುವು. ಆನೆ ಓಡಿ ಬಂದು ಬಾಗಿಲು ಗುದ್ದಲು ಜಾಗವೇ ಇರಬಾರದು ಎಂದು ಹಾಗೆ ಕಟ್ಟಿದ್ದಂತೆ. ಗೋಡೆಯ ಕಲ್ಲುಗಳನ್ನು ನೋಡಿ ನಮ್ಮ ಯಜಮಾನರು ಬೆರಗಾದರು. ಒಂದರ ಪಕ್ಕ ಒಂದನ್ನು ಗಾರೆಯಿಲ್ಲದೆ ಕೂರಿಸಿದ್ದಾರೆ, ಸಂದಿಯಲ್ಲಿ ಬೆರಳು ಹೋಗುವುದಿಲ್ಲ. ಟೀವಿಯಲ್ಲಿ, ಅದು ಡಿವಿಡಿಯೇ ಆಗಲಿ, ಕೋಟೆ ಎಂದರೆ ಒಂದು ಹಿನ್ನೆಲೆ ಅಷ್ಟೇ. ಅದರ ತೂಕ ಗೊತ್ತಾಗುವುದಿಲ್ಲ. ಇಲ್ಲಿ ಗೋಡೆಯ ಬುಡದಲ್ಲಿ ನಿಂತು ಕತ್ತೆತ್ತಿದರೆ ಮೈ ಸಣ್ಣಗಾಗುತ್ತದೆ.

ಮೇಲೆ ಮದ್ದು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳಿವೆ. ನಮ್ಮ ಅಡುಗೆಮನೆಯ ಬೀಸುಕಲ್ಲಿನ ಮುತ್ತಜ್ಜ ಅನ್ನಬಹುದು. ಇನ್ನೂ ಹತ್ತಿದರೆ ಬಯಲಿನಂಥ ಜಾಗ, ಅಲ್ಲಿ ಏಕನಾಥೇಶ್ವರಿಯ ಗುಡಿ, ಮುಂದೆ ದೀಪದ ಕಂಬ, ಉಯ್ಯಾಲೆ ಕಂಬ. ದುರ್ಗದವರ ಬಾಯಲ್ಲಿ ಆಕೆ ಏಕನಾಥಮ್ಮ. ಅತ್ತೆ ಮದುವೆಗೆ ಮುಂಚೆ ತಮ್ಮ ತಾಯಿಯ ಜೊತೆ ಶುಕ್ರವಾರ ಶುಕ್ರವಾರ ಹತ್ತಿ ಬರುತ್ತಿದ್ದುದು ಇಲ್ಲಿಗೇ. ಹಣ್ಣುಕಾಯಿ ಮಾಡಿಸಿ, ಕಂಬ ಮುಟ್ಟಿ, ಕುಂಕುಮ ಕಟ್ಟಿಕೊಂಡೆ. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಗುಡಿಗಳಿಗೂ ಹೋದೆವು.

ಹೊಂಡಗಳ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನೀರು ತರುವವರು ನಾವು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದರೆ ನೀರು ಕೆಳಗಿನ ಅಕ್ಕ ತಂಗಿ ಹೊಂಡಕ್ಕೆ ಬರುತ್ತದೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆಯ ಒಂದು ಹನಿಯನ್ನೂ ಪೋಲು ಮಾಡದ ಏರ್ಪಾಡು. ಶತ್ರು ತಿಂಗಳುಗಟ್ಟಲೆ ಹೊರಗೆ ಕೂತರೂ ಒಳಗಿನವರ ಬಾಯಿ ಒಣಗದೇ ಇದ್ದದ್ದು ಹೀಗೆ. ನಾವು ಹೋದಾಗ ಅಕ್ಕ ತಂಗಿ ಹೊಂಡದಲ್ಲಿ ಹಸಿರು ಪಾಚಿಯ ಜೊತೆ ನೀರು ಸಾಕಷ್ಟಿತ್ತು. ಫೋಟೋ ತೆಗೆದುಕೊಂಡೆ, ಅತ್ತೆಗೆ ತೋರಿಸಲು.

ಓಬವ್ವನ ಕಿಂಡಿಗೆ ಕೊನೆಗೆ ಹೋದೆವು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬರುತ್ತಿದ್ದಾಗ ಕಹಳೆಯ ಮುದ್ದಹನುಮನ ಹೆಂಡತಿ ಒನಕೆ ಹಿಡಿದು ನಿಂತ ಜಾಗ. ಗಂಡ ಊಟಕ್ಕೆ ಕೂತಿದ್ದ, ಈಕೆ ನೀರಿಗೆ ಬಂದಿದ್ದಳು ಎನ್ನುತ್ತಾರೆ. ನೀರು ತುಂಬುತ್ತಿದ್ದ ತಣ್ಣೀರು ದೋಣಿಯೂ ಅಲ್ಲೇ ಹತ್ತಿರದಲ್ಲಿದೆ. ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಬಂದು ಹೋಗುವುದು ಒಂದು ಹಾಡಿನ ಹೊತ್ತು ಮಾತ್ರ. ಆದರೆ ಇವತ್ತಿಗೂ ಓಬವ್ವ ಎಂದರೆ ಕಣ್ಣ ಮುಂದೆ ಬರುವುದು ಅವರ ಮುಖವೇ. ಜಯಂತಿಯವರು 2021ರ ಜುಲೈನಲ್ಲಿ ತೀರಿಕೊಂಡರು. ಅದೇ ವರ್ಷದಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ.

ನಮ್ಮ ವಿಸಿಡಿಯಲ್ಲಿ ಈ ಕಿಂಡಿ ಇರುವ ಕಡೆ ಒಂದು ಕಪ್ಪು ಮಚ್ಚೆ. ಜಯಂತಿಯವರು ಯಾರಿಗೆ ಹೊಡೆಯುತ್ತಿದ್ದಾರೆಂದು ಊಹಿಸಿಕೊಳ್ಳಬೇಕು. ಡಿವಿಡಿಯಲ್ಲಿ ಕಲ್ಲಿನ ಅಂಚು ಕಾಣುತ್ತದೆ. ಇಲ್ಲಿ ಮೈ ಕುಗ್ಗಿಸಿ, ತಲೆ ತಗ್ಗಿಸಿ ತೂರಿದಾಗ ನನಗೆ ಅರ್ಥವಾದದ್ದೇ ಬೇರೆ. ಆ ಕಿಂಡಿಯಲ್ಲಿ ಬರುವವನ ಕೈಗಳೆರಡೂ ಕಲ್ಲು ಹಿಡಿದಿರುತ್ತವೆ. ಕತ್ತಿ ಎತ್ತುವ ಹಾಗಿಲ್ಲ, ಹಿಂದಕ್ಕೆ ಸರಿಯುವ ಹಾಗೂ ಇಲ್ಲ. ಮೊದಲು ಹೊರಬರುವುದು ತಲೆ. ದಿನಾ ಭತ್ತ ಕುಟ್ಟುವ ಹೆಂಗಸಿನ ತೋಳಿಗೆ ಒನಕೆ ಎತ್ತುವುದು ಹೊಸದೇ? ಕಥೆಯಲ್ಲಿ ಓಬವ್ವನ ಧೈರ್ಯ ಕೇಳಿದ್ದೆವು, ಆಕೆಯ ಲೆಕ್ಕಾಚಾರವನ್ನು ಈ ಜಾಗವೇ ಹೇಳುತ್ತದೆ. ನನ್ನ ಮಗಳು ಎರಡು ಸಲ ತೂರಿ ಬಂದಳು. ಯಜಮಾನರು ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು ಮೇಲೇ ನಿಂತರು.

ಇಷ್ಟೆಲ್ಲ ಇದ್ದರೂ ಕೋಟೆ 1779ರಲ್ಲಿ ಹೈದರಾಲಿಯ ಕೈ ಸೇರಿತು. ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅದನ್ನು ತ.ರಾ.ಸು. ಅವರ "ದುರ್ಗಾಸ್ತಮಾನ"ದಲ್ಲೇ ಓದಬೇಕು. 1982ರಲ್ಲಿ ಬಂದ ಪುಸ್ತಕ, ಅವರು ತೀರಿಕೊಂಡ ಮೇಲೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅಂದಹಾಗೆ "ನಾಗರಹಾವು" ಚಿತ್ರವನ್ನು ನೋಡಿ ತ.ರಾ.ಸು., ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದ್ದಾರೆ ಎಂದಿದ್ದರೆಂದು ಈಗಲೂ ಜನ ಹೇಳುತ್ತಾರೆ. ಬರೆದವರಿಗೆ ಬೇಸರವಾಗಿರಬಹುದು. ನನಗಂತೂ ಈ ಕೇರೆಹಾವೂ ಇಷ್ಟವೇ!

ನೆತ್ತಿಯ ಹತ್ತಿರ, ಕಾವಲಿಗೆ ನಿಂತಂತಿದ್ದ ಹಿರಿಯರೊಬ್ಬರು ಒಂದು ಬಂಡೆ ತೋರಿಸಿ, ರಾಮಾಚಾರಿ ಮಾರ್ಗರೆಟ್ ಕೊನೆಗೆ ನಿಂತದ್ದು ಅಲ್ಲೇ ಎಂದರು. ಇನ್ನೊಬ್ಬರು ಅದಲ್ಲ, ಆಚೆಯ ಬಂಡೆ ಎಂದರು. ಇಬ್ಬರಿಗೂ ಜಗಳ ಹತ್ತಿತು. ನಾವು ಎರಡರ ಫೋಟೋವನ್ನೂ ತೆಗೆದುಕೊಂಡು ಇಳಿದೆವು. ಒಟ್ಟು ನಾಲ್ಕು ಗಂಟೆ ಹಿಡಿಯಿತು.

ಸಂಜೆ ಮಾವನ ಮನೆಯಲ್ಲಿ ಡಿವಿಡಿ ಹಾಕುವ ಕಾರ್ಯಕ್ರಮ. ಇಲ್ಲಿ ಎರಡು ತೊಡಕು ಬಂದವು, ನಿಮಗೂ ಬರಬಹುದು. ಮೊದಲನೆಯದು, ಪ್ಲೇಯರಿನ ಕೆಂಪು, ಬಿಳಿ, ಹಳದಿ ವೈರುಗಳಿಗೆ ಈಗಿನ ಟೀವಿಗಳಲ್ಲಿ ತೂತೇ ಇರುವುದಿಲ್ಲ. ಮಾವನ ಟೀವಿಯ ಬೆನ್ನಿಗೆ ಪುಣ್ಯಕ್ಕೆ ಇತ್ತು. ಪ್ಲೇಯರ್ ಕೊಳ್ಳುವವರು ಮೊದಲು ನಿಮ್ಮ ಟೀವಿಯ ಬೆನ್ನು ನೋಡಿಕೊಳ್ಳಿ. ಎರಡನೆಯದು, ಹಳೆಯ ಚಿತ್ರಗಳು ಹೆಚ್ಚುಕಡಿಮೆ ಚೌಕ, ಈಗಿನ ಟೀವಿಗಳು ಅಗಲ. ಟೀವಿ ಅದನ್ನು ರೊಟ್ಟಿ ಹಿಟ್ಟಿನ ಹಾಗೆ ಎರಡೂ ಕಡೆ ಎಳೆದುಬಿಡುತ್ತದೆ. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರು ದಪ್ಪಗೆ, ಬೆಟ್ಟ ತಗ್ಗಾಗಿ ಕಾಣುತ್ತದೆ. ರಿಮೋಟಿನಲ್ಲಿ ಚಿತ್ರದ ಅಳತೆಯ ಗುಂಡಿ ಒತ್ತಿ 4:3 ಎಂದು ಇಟ್ಟರೆ ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲಿ ಬಿಡಿ. ಬೆಟ್ಟ ಮತ್ತೆ ಎತ್ತರವಾಗುತ್ತದೆ. 2018ರ ಜುಲೈನಲ್ಲಿ ಈ ಚಿತ್ರವನ್ನು ಡಿಜಿಟಲ್ ಮಾಡಿ ಸಿನಿಮಾಸ್ಕೋಪಿಗೆ ಹೊಂದಿಸಿ ಮತ್ತೆ ಥಿಯೇಟರುಗಳಿಗೆ ತಂದಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ನೋಡಲು ಹಳೆಯ ಅಳತೆಯೇ ಚೆಂದ. ಮಗಳು, "ಫೋನಿನಲ್ಲೇ ನೋಡಬಹುದಲ್ಲಮ್ಮ" ಎಂದಳು. ನೋಡಬಹುದು. ಆದರೆ ಅಂಗೈ ಅಗಲದ ಗಾಜಿನಲ್ಲಿ ಏಳು ಸುತ್ತಿನ ಕೋಟೆ, ನಡುನಡುವೆ ಬಟ್ಟೆ ಸೋಪಿನ ಜಾಹೀರಾತು!

ಅತ್ತೆ ದಿಂಬಿಗೆ ಒರಗಿ ಕಾಲು ಚಾಚಿ ಕೂತರು. ಆ ದಿನ ನಾನು ಚಿತ್ರಕ್ಕಿಂತ ಹೆಚ್ಚಾಗಿ ಅವರನ್ನೇ ನೋಡಿದೆ. ವಿಷ್ಣುವರ್ಧನ್, ಆರತಿ, ಲೀಲಾವತಿ ಯಾರ ಮುಖವನ್ನೂ ಅವರು ನೋಡುತ್ತಿರಲಿಲ್ಲ. ಅವರ ಕಣ್ಣೆಲ್ಲ ಮುಖಗಳ ಹಿಂದೆ. ಹಾಡು ಬಂದಾಗ ಎಡಗೈ ಎತ್ತಿ ಟೀವಿಯ ಆಚೆಯ ಗೋಡೆಯತ್ತ ತೋರಿಸಿ, "ಇಲ್ಲಿಂದ ಹಿಂಗೆ ಹೋದ್ರೆ ಏಕನಾಥಮ್ಮನ ಗುಡಿ," ಎಂದರು. ಚೌಕಟ್ಟಿನಲ್ಲಿ ಇಲ್ಲದ್ದೂ ಅವರಿಗೆ ಕಾಣುತ್ತಿತ್ತು. ಬಂಡೆಯ ಬಣ್ಣ ಮಾತ್ರ ಡಿವಿಡಿಯಲ್ಲಿ ಸ್ವಲ್ಪ ಹೆಚ್ಚು ಕೆಂಪು ಎಂದರು. ನಾನು ಬೆಳಿಗ್ಗೆ ಹತ್ತಿರದಿಂದ ನೋಡಿ ಬಂದವಳು, ಅವರ ಮಾತು ಸರಿ. ಬೆಲ್ಲಕ್ಕೆ ಸ್ವಲ್ಪ ಹೆಚ್ಚು ಪಾಕ ಬಂದಂತಿದೆ. ಆದರೂ ಬೂದಿಗಿಂತ ನೂರು ಪಾಲು ವಾಸಿ.

ಹಳೆಯ ಚಿತ್ರದ ಡಿಸ್ಕು ಕೊಳ್ಳುವವರಿಗೆ ಎರಡು ಮಾತು ಹೇಳುತ್ತೇನೆ. ಡಬ್ಬಿಯ ಹಿಂದೆ ಎಷ್ಟು ನಿಮಿಷ ಎಂದು ಬರೆದಿದೆಯೇ ನೋಡಿ. ಮೂರು ಗಂಟೆಯ ಚಿತ್ರ ಎರಡು ವಿಸಿಡಿಯಲ್ಲಿದ್ದರೆ ಕತ್ತರಿ ಬಿದ್ದಿದೆ ಎಂದೇ ತಿಳಿಯಿರಿ. ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರು ಇದೆಯೇ ನೋಡಿ. ಮನೆಯಲ್ಲಿ ಒರೆಸುವಾಗ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ತಟ್ಟೆ ಒರೆಸಿದಂತೆ ಸುತ್ತ ಒರೆಸಬೇಡಿ. ಅಂಗಡಿಗಳು ಒಂದೊಂದೇ ಮುಚ್ಚುತ್ತಿವೆ. ನಿಮ್ಮೂರು, ನಿಮ್ಮ ತವರೂರು ಯಾವ ಚಿತ್ರದಲ್ಲಾದರೂ ಇದ್ದರೆ ಅದರ ಒಳ್ಳೆಯ ಪ್ರತಿಯನ್ನು ಈಗಲೇ ಹುಡುಕಿ ಇಟ್ಟುಕೊಳ್ಳಿ.

ಮೂರನೆಯ ದಿನ ನಾವು ಹೊರಟೆವು. ಅತ್ತೆ ಹದಿನೈದು ದಿನ ತಮ್ಮನ ಮನೆಯಲ್ಲೇ ಇರುತ್ತೇನೆ ಎಂದು ನಿಂತರು. ಪ್ಲೇಯರನ್ನೂ ಡಿಸ್ಕನ್ನೂ ಇಟ್ಟು ಬಂದೆವು. ನಾವು ಮನೆ ಬೀಗ ತೆಗೆಯುವಷ್ಟರಲ್ಲಿ ಫೋನು ಬಂತು: "ಲೇ, ಹಿಂದಕ್ಕೆ ಓಡ್ಸೋ ಗುಂಡಿ ಯಾವ್ದೇ? ಬಾಣ ಎಡಕ್ಕಿರೋದೋ, ಬಲಕ್ಕಿರೋದೋ?"